ಬಾದಾಮಿಯಲ್ಲಿ ಬೆನ್ನು ತೋರಿಸದವನು

ಬಾದಾಮಿಗೆ ಹೋಗುತ್ತೇನೆ ಅಂದರೆ ಜನ ಮೊದಲು ಹೇಳುವುದು ಚಾಲುಕ್ಯರ ಬಗ್ಗೆ ಅಲ್ಲ, ಮಂಗಗಳ ಬಗ್ಗೆ. ಕೈಯಲ್ಲಿ ಏನೂ ಹಿಡಿಯಬೇಡಿ. ಪ್ಲಾಸ್ಟಿಕ್ ಚೀಲ ಅಂತೂ ಬೇಡವೇ ಬೇಡ. ನೀರಿನ ಬಾಟಲಿ ಕಂಡರೂ ಕಿತ್ತುಕೊಳ್ಳುತ್ತವೆ. ಕನ್ನಡಕ ಹುಷಾರು. ನನ್ನ ಗೆಳೆಯ ಈ ಸಲಹೆಯನ್ನು ಬಹಳ ಗಂಭೀರವಾಗಿ ತೆಗೆದುಕೊಂಡ. ಇಬ್ಬರ ಬ್ಯಾಗನ್ನೂ ಲಾಡ್ಜಿನ ಕೋಣೆಯಲ್ಲೇ ಹಾಕಿ ಬೀಗ ಜಡಿದ. ಹೆಗಲ ಮೇಲಿದ್ದ ನನ್ನ ಟವೆಲನ್ನೂ ಬಿಡಲಿಲ್ಲ. "ಅದನ್ನೂ ಇಡು. ಜಗ್ಗಿಕೊಂಡು ಹೋಗತಾವು" ಅಂದ. ಹಾಗಾಗಿ ನಾವು ಗುಹೆಗಳ ಕಡೆ ಹೊರಟಾಗ ನಮ್ಮ ಹತ್ತಿರ ಇದ್ದದ್ದು ಮೊಬೈಲು, ಒಂದಿಷ್ಟು ದುಡ್ಡು ಮತ್ತು ಮೈಮೇಲಿನ ಬಟ್ಟೆ. ಅಷ್ಟೇ.

ಈ ಗೆಳೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾನೆ. ಕೆಲಸ ಸಿಕ್ಕ ದಿನದಿಂದ ಅವನ ಹೆಸರು ಹೋಗಿ ಮಾಸ್ತರ ಅನ್ನುವುದೇ ಹೆಸರಾಗಿದೆ. ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆ. ನಾನು ಬೆಂಗಳೂರಿನಲ್ಲಿ ಇಡೀ ದಿನ ಕೂತು ಕೆಲಸ ಮಾಡುವವನು. ಶನಿವಾರ ಭಾನುವಾರ ಎಲ್ಲಾದರೂ ಹೋಗೋಣ ಅಂತ ನಾವು ಮಾತಾಡಿಕೊಳ್ಳುವುದು, ಅದು ಮುಂದಕ್ಕೆ ಹೋಗುವುದು ವರ್ಷಗಳಿಂದ ನಡೆದೇ ಇತ್ತು. ಈ ಸಲ ಹೇಗೋ ಕೂಡಿ ಬಂತು. ಹುಬ್ಬಳ್ಳಿಯಿಂದ ಬಸ್ಸು ಹಿಡಿದು ನವಲಗುಂದ, ನರಗುಂದ ದಾಟಿ ಕುಳಗೇರಿ ಕ್ರಾಸಿನಲ್ಲಿ ಚಹಾ ಕುಡಿದು ಬಾದಾಮಿಗೆ ಬಂದಿಳಿದಾಗ ರಾತ್ರಿಯಾಗಿತ್ತು. ನಾನು ತಂದದ್ದು ಒಂದೇ ಪ್ಯಾಂಟು. ಎರಡು ದಿನಕ್ಕೆ ಇನ್ನೆಷ್ಟು ಬೇಕು? ಬ್ಯಾಗಿನಲ್ಲಿ ರಾತ್ರಿ ಮಲಗುವಾಗ ಹಾಕುವ ಚಡ್ಡಿ, ಎರಡು ಅಂಗಿ ಇದ್ದವು.

ಬೆಳಿಗ್ಗೆ ಬಿಸಿಲು ಏರುವ ಮೊದಲೇ ಗುಹೆಗಳಿಗೆ ಹೋದೆವು. ಬಾದಾಮಿಯ ಕೆಂಪು ಕಲ್ಲು ಆ ಹೊತ್ತಿನಲ್ಲಿ ನೋಡಬೇಕು. ಮೊದಲ ಗುಹೆಯ ಹೊರಗೆ ಹದಿನೆಂಟು ಕೈಗಳ ನಟರಾಜ. ಎಲ್ಲರೂ ಅವನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮಾಸ್ತರ ಕೈಗಳನ್ನು ಎಣಿಸಿದ. ಗಣಿತದವನು, ಎಣಿಸದೆ ನಂಬುವುದಿಲ್ಲ. ನನಗೆ ಹೆಚ್ಚು ಇಷ್ಟವಾಗಿದ್ದು ಕೆಳಗೆ ಜಗತಿಯ ಉದ್ದಕ್ಕೂ ಇರುವ ಗಣಗಳು. ಗಿಡ್ಡ ಕಾಲು, ಡೊಳ್ಳು ಹೊಟ್ಟೆ, ಒಬ್ಬ ಕುಣಿಯುತ್ತಾನೆ, ಒಬ್ಬ ವಾದ್ಯ ಬಾರಿಸುತ್ತಾನೆ, ಒಬ್ಬ ಮುಖ ಸೊಟ್ಟ ಮಾಡಿ ನಗುತ್ತಾನೆ. ಮೇಲೆ ದೇವರುಗಳು ಗಾಂಭೀರ್ಯದಲ್ಲಿದ್ದರೆ ಕೆಳಗೆ ಇವರದು ಬೇರೆಯದೇ ಸಂಸಾರ. ಯಾರು ನೋಡುತ್ತಾರೆ, ಏನು ಅಂದುಕೊಳ್ಳುತ್ತಾರೆ ಅನ್ನುವ ಯೋಚನೆ ಒಬ್ಬನ ಮುಖದಲ್ಲೂ ಇಲ್ಲ.

ಎರಡನೇ ಗುಹೆಯಲ್ಲಿ, ಮತ್ತೆ ಮೂರನೆಯದರಲ್ಲಿ, ತ್ರಿವಿಕ್ರಮ ಇದ್ದಾನೆ. ಬಲಿಯ ಮುಂದೆ ಬೆಳೆದು ನಿಂತು ಕಾಲೆತ್ತಿದ ವಿಷ್ಣು. ಆ ಕಾಲು ಎಷ್ಟು ಮೇಲಕ್ಕೆ ಹೋಗಿದೆ ಅಂದರೆ ನೋಡುವವರ ತೊಡೆಯೇ ಹಿಡಿದುಕೊಳ್ಳಬೇಕು. "ಏನ್ ಬ್ಯಾಲೆನ್ಸ್ ನೋಡಲೇ" ಅಂದ ಮಾಸ್ತರ. ಮೂರನೇ ಗುಹೆಯಲ್ಲಿ ಕಾಲ ಗೊತ್ತಿರುವ ಶಾಸನ ಇದೆ. ಶಕ ವರ್ಷ 500, ಅಂದರೆ ಕ್ರಿ.ಶ. 578. ಕೀರ್ತಿವರ್ಮನ ಕಾಲದಲ್ಲಿ ಅವನ ತಮ್ಮ ಮಂಗಳೇಶ ಕಡೆಸಿದ್ದು. ನಾಲ್ಕನೆಯದು ಜೈನರದು. ಅಲ್ಲಿ ನಿಂತರೆ ಕೆಳಗೆ ಅಗಸ್ತ್ಯ ತೀರ್ಥ, ಆಚೆ ದಡದಲ್ಲಿ ಭೂತನಾಥನ ಗುಡಿ, ಎದುರಿಗೆ ಉತ್ತರದ ಗುಡ್ಡ. ಕೆರೆಯಿಂದ ಬಟ್ಟೆ ಒಗೆಯುವ ಸದ್ದು ಅಷ್ಟು ಎತ್ತರಕ್ಕೂ ಕೇಳುತ್ತದೆ. ಮಂಗಗಳು ನಮ್ಮನ್ನು ಒಮ್ಮೆ ನೋಡಿ, ಇವರ ಹತ್ತಿರ ಏನೂ ಇಲ್ಲ ಅಂತ ಖಚಿತವಾದ ಮೇಲೆ ಮುಖ ತಿರುಗಿಸಿದವು.

ಇಳಿದು ಓಣಿಗಳಲ್ಲಿ ಹಾದು ಮ್ಯೂಸಿಯಮ್ಮಿಗೆ ಹೋದೆವು. ಅಲ್ಲಿ ಲಜ್ಜಾಗೌರಿಯ ವಿಗ್ರಹ ಇದೆ. ತಲೆಯ ಜಾಗದಲ್ಲಿ ಕಮಲ, ಹೆರಿಗೆಗೆ ಕೂತವಳ ಹಾಗೆ ಅಗಲಿಸಿದ ಕಾಲು. ನಮ್ಮ ಮುಂದಿದ್ದ ಒಂದು ಕುಟುಂಬ ಅಲ್ಲಿಗೆ ಬರುತ್ತಲೇ ನಡಿಗೆ ಜೋರು ಮಾಡಿತು. ಅಪ್ಪ ಮಗನಿಗೆ ಇನ್ನೇನೋ ತೋರಿಸಿದರು. ಸಂತಾನಕ್ಕಾಗಿ ಜನ ಪೂಜಿಸುತ್ತಿದ್ದ ತಾಯಿ ಆಕೆ. ನೋಡುವವರೇ ನಾಚಿಕೊಂಡು ಓಡುತ್ತಾರೆ, ಆಕೆ ಸುಮ್ನೆ ಕೂತಿದ್ದಾಳೆ.

ಮ್ಯೂಸಿಯಮ್ಮಿನ ಪಕ್ಕದಿಂದಲೇ ಉತ್ತರದ ಕೋಟೆಗೆ ಹತ್ತುವ ದಾರಿ. ಬಾಗಿಲು ದಾಟಿದ ಕೂಡಲೇ ಎರಡೂ ಕಡೆ ಬಂಡೆ ಸೆಟೆದು ನಿಲ್ಲುತ್ತದೆ, ನಡುವೆ ಸಣ್ಣ ಸಂದಿ. ಕೆಲವು ಕಡೆ ಕೈ ಚಾಚಿದರೆ ಎರಡೂ ಬಂಡೆ ಮುಟ್ಟಬಹುದು. ತಲೆಯ ಮೇಲೆ ಆಕಾಶ ಒಂದು ಪಟ್ಟಿಯಷ್ಟು. ಬಿಸಿಲು ಕೆಳಗೆ ಬರುವುದಿಲ್ಲ, ಗಾಳಿ ಮಾತ್ರ ಒಂದೇ ಸಮನೆ ಬರುತ್ತದೆ. ಮೆಟ್ಟಿಲುಗಳು ಒಂದೊಂದು ಒಂದೊಂದು ಅಳತೆ. ಕೆಲವು ಮೊಳಕಾಲಿನಷ್ಟು, ಕೆಲವು ಅದಕ್ಕೂ ಜಾಸ್ತಿ. ಮೇಲಿನಿಂದ ಬರುವ ವೈರಿಯನ್ನಾಗಲಿ ಕೆಳಗಿನಿಂದ ಬರುವ ವೈರಿಯನ್ನಾಗಲಿ ಹತ್ತಗೊಡದ ಕೋಟೆ ಕಟ್ಟಿದೆ ಅಂತ ಮೊದಲನೇ ಪುಲಕೇಶಿ ಇಲ್ಲಿ ಬಂಡೆಯ ಮೇಲೆ ಬರೆಸಿದ್ದಾನೆ. ಶಕ 465, ಅಂದರೆ ಕ್ರಿ.ಶ. 543. ಅವನು ಹೇಳಿದ್ದು ಸುಳ್ಳಲ್ಲ.

ಅಂಥ ಒಂದು ಮೆಟ್ಟಿಲಿಗೆ ನಾನು ಬಲಗಾಲು ಎತ್ತಿ ಇಟ್ಟೆ. ಮೈಭಾರ ಅದರ ಮೇಲೆ ಹಾಕಿದೆ. ಹಿಂದೆ ಪರ್‍ರ್ ಅಂತ ಸದ್ದಾಯಿತು.

ಆ ಸದ್ದು ಬಯಲಿನಲ್ಲಿ ಆಗಿದ್ದರೆ ಬೇರೆ ಮಾತು. ಎರಡು ಬಂಡೆಗಳ ನಡುವೆ ಅದು ಮೇಲೆ ಹೋಗಿ ಕೆಳಗೆ ಬಂತು. ಮುಂದಿದ್ದ ಮಾಸ್ತರ ತಿರುಗಿ ನೋಡಿ, ಮಂಗ ಏನಾದರೂ ಹರಿಯಿತೇನೋ ಅಂದುಕೊಂಡ. ಆಮೇಲೆ ನನ್ನ ಮುಖ ನೋಡಿದ. ಆಮೇಲೆ ಸುತ್ತು ಹಾಕಿ ನನ್ನ ಹಿಂದೆ ಬಂದು ನೋಡಿದ. ನಂತರ ಮೆಟ್ಟಿಲಿನ ಮೇಲೆ ಕೂತುಬಿಟ್ಟ. ನಗುವಾಗ ಅವನಿಗೆ ದನಿ ಬರುವುದಿಲ್ಲ, ಹೊಟ್ಟೆ ಮಾತ್ರ ಕುಣಿಯುತ್ತದೆ. ಬೆಳಿಗ್ಗೆ ನೋಡಿದ ಗಣಗಳಲ್ಲಿ ಒಬ್ಬನೇ ಎದ್ದು ಬಂದ ಹಾಗಿತ್ತು.

"ಎಷ್ಟು ಹರಿದಿದೆಯೋ?"

"ಎಷ್ಟು ಉಳದೈತಿ ಅಂತ ಕೇಳು."

ಪಟ್ಟಿಯಿಂದ ಶುರುವಾಗಿ ಕೆಳಗಿನವರೆಗೆ. ಒಳಗಿನದು ಗಿಳಿಹಸಿರು. ಮೂರರ ಪ್ಯಾಕೆಟ್ಟಿನಲ್ಲಿ ಕಪ್ಪು, ನೀಲಿ, ಗಿಳಿಹಸಿರು ಬರುತ್ತವಲ್ಲ, ಅದರಲ್ಲಿ ಯಾರಿಗೂ ಬೇಡವಾದದ್ದು. ಅಂಗಿ ಹೊರಗೆ ಎಳೆದು ನೋಡಿದೆ. ಈಗಿನ ಅಂಗಿಗಳ ಉದ್ದ ನಿಮಗೆ ಗೊತ್ತೇ ಇದೆ. ಹೆಗಲ ಮೇಲೆ ಟವೆಲ್ ಇದ್ದಿದ್ದರೆ ಸೊಂಟಕ್ಕೆ ಸುತ್ತಿ ರಾಜನ ಹಾಗೆ ಇಳಿಯಬಹುದಿತ್ತು. ಟವೆಲು ಲಾಡ್ಜಿನಲ್ಲಿ ಮಂಗಗಳಿಂದ ಸುರಕ್ಷಿತವಾಗಿತ್ತು.

ಅಷ್ಟರಲ್ಲಿ ಕೆಳಗಿನಿಂದ ಗದ್ದಲ ಕೇಳಿಸಿತು. ಶಾಲೆಯ ಮಕ್ಕಳು. ಪ್ರವಾಸದ ಸೀಸನ್ನು, ಶನಿವಾರ ಬೇರೆ. ಹುಡುಗರು, ಹುಡುಗಿಯರು, ಸಾಲು ಅಂತ ಶುರುವಾಗಿ ಹಿಂಡಾಗಿ ಮೇಲೆ ಬರುತ್ತಿದ್ದರು. ಇಳಿಯಬೇಕೆಂದರೆ ಅವರ ನಡುವೆಯೇ ಇಳಿಯಬೇಕು. ಹತ್ತಬೇಕೆಂದರೆ ಅವರ ಮುಂದೆ ಹತ್ತಬೇಕು, ಅದು ಇನ್ನೂ ಕಷ್ಟ. ಮಾಸ್ತರ ನಗು ನುಂಗಿ ಮೇಲೆದ್ದ. "ಬಂಡಿಗೆ ಆತು ನಿಲ್ಲು. ಅಲ್ಲಾಡಬ್ಯಾಡ. ಅವರು ಹೋಗಲಿ" ಅಂದ. ನಾನು ಬಂಡೆಗೆ ಬೆನ್ನು ಹಚ್ಚಿ, ಎರಡೂ ಕೈ ಹಿಂದೆ ಕಟ್ಟಿ ನಿಂತೆ. ಕಲ್ಲಿನ ತಂಪು ಎಲ್ಲಿಗೆ ತಟ್ಟಬೇಕೋ ಅಲ್ಲಿಗೆ ತಟ್ಟಿತು.

ಮೊದಲ ಹುಡುಗರು ಹಾದು ಹೋದರು. ಒಬ್ಬಿಬ್ಬರು ನಮಸ್ಕಾರ ಸರ್ ಅಂದರು. ಊರ ಕಡೆಯ ಮಕ್ಕಳು ದೊಡ್ಡವರು ಕಂಡರೆ ನಮಸ್ಕಾರ ಹೇಳದೆ ಹೋಗುವುದಿಲ್ಲ. ಕೈ ಮುಗಿಯಲು ನನ್ನ ಕೈ ಖಾಲಿ ಇರಲಿಲ್ಲ, ತಲೆ ಆಡಿಸಿದೆ. ಅರ್ಧ ಹಿಂಡು ದಾಟಿರಬೇಕು. ನಡುವೆ ಬರುತ್ತಿದ್ದ ಟೀಚರು ನನ್ನ ಎದುರಿಗೆ ನಿಂತರು. ಮಕ್ಕಳು ಅವರನ್ನು ಅಕ್ಕೋರು ಅನ್ನುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು, ಇಳಕಲ್ ಸೀರೆ, ಕಾಲಲ್ಲಿ ಕ್ಯಾನ್ವಾಸ್ ಬೂಟು.

"ಇವರು ಗೈಡ್ ಏನ್ರೀ?" ಅಂತ ಮಾಸ್ತರನನ್ನು ಕೇಳಿದರು.

ನಾನು ಇಲ್ಲ ಅನ್ನುವಷ್ಟರಲ್ಲಿ ಮಾಸ್ತರ, "ಹೌದ್ರಿ. ಭಾಳ ತಿಳಕೊಂಡಾರ. ಕೇಳ್ರಿ" ಅಂದುಬಿಟ್ಟ.

"ಏ, ಎಲ್ಲಾರೂ ಇಲ್ಲೇ ನಿಲ್ರಿ. ಮ್ಯಾಲೆ ಹೋದವರೂ ಇಳದು ಬರ್‍ರಿ. ಸರ್ ಹೇಳತಾರ, ಮುಂದ ನಿಂತು ಕೇಳ್ರಿ."

ಹೋದ ಅರ್ಧವೂ ವಾಪಸ್ ಬಂತು. ಎಲ್ಲರೂ ನನ್ನ ಮುಂದೆ, ಮೇಲಿನ ಮೆಟ್ಟಿಲು ಕೆಳಗಿನ ಮೆಟ್ಟಿಲು ಎಲ್ಲಾ ತುಂಬಿಕೊಂಡು ನಿಂತರು. ನನಗೆ ಬೇರೆ ದಾರಿಯೇ ಇರಲಿಲ್ಲ. ಶುರು ಮಾಡಿದೆ.

ಈಗ ನೆನೆದರೆ ನನಗೇ ಆಶ್ಚರ್ಯ. ಕಚೇರಿಯಲ್ಲಿ ನಾಲ್ಕು ಜನರ ಮುಂದೆ ಮಾತಾಡಲು ನನಗೆ ಗಂಟಲು ಕಟ್ಟುತ್ತದೆ. ಅಲ್ಲಿ ಮಾತು ತಾನಾಗಿ ಬಂತು. ಬಾದಾಮಿಯ ಹಳೆಯ ಹೆಸರು ವಾತಾಪಿ ಅಂದೆ. ಮೊದಲನೇ ಪುಲಕೇಶಿ 543ರಲ್ಲಿ ಕೋಟೆ ಕಟ್ಟಿದ್ದು ಹೇಳಿದೆ. ನಾವೀಗ ನಿಂತಿರುವ ಸಂದಿಯನ್ನೇ ನೋಡಿ, ಇಲ್ಲಿ ದಂಡು ಬಂದರೆ ಒಬ್ಬರ ಹಿಂದೆ ಒಬ್ಬರಾಗಿಯೇ ಬರಬೇಕು, ಮೇಲಿನಿಂದ ಕಲ್ಲು ಉರುಳಿಸಿದರೆ ಸಾಕು ಅಂದೆ. ಮಕ್ಕಳು ಮೇಲೆ ನೋಡಿದರು. ಎರಡನೇ ಪುಲಕೇಶಿ ಉತ್ತರದ ಹರ್ಷವರ್ಧನನನ್ನು ನರ್ಮದೆಯ ಹತ್ತಿರ ತಡೆದದ್ದು, ಅದನ್ನೆಲ್ಲ ರವಿಕೀರ್ತಿ ಅನ್ನುವ ಕವಿ 634ರಲ್ಲಿ ಐಹೊಳೆಯ ಮೇಗುಟಿ ಗುಡಿಯ ಗೋಡೆಗೆ ಬರೆಸಿದ್ದು ಹೇಳಿದೆ. "ಪುಲಕೇಶಿ ಯಾರಿಗೂ ಬೆನ್ನು ತೋರಿಸಿದವನಲ್ಲ" ಅಂದೆ. ಮಾಸ್ತರ ಜೋರಾಗಿ ಕೆಮ್ಮಿದ.

ಮಾತು ಮುಗಿದರೆ ಅವರು ಮುಂದೆ ಹೋಗುತ್ತಾರೆ, ಹೋಗುವಾಗ ಪಕ್ಕದಿಂದ ನೋಡುತ್ತಾರೆ. ಹಾಗಾಗಿ ಮುಗಿಸಲು ಭಯ. ಕಪ್ಪೆ ಅರಭಟ್ಟ ಗೊತ್ತಾ ಅಂದೆ. ಗೊತ್ತಿಲ್ಲದೆ ಏನು, ಆ ಶಾಸನ ಇರುವುದೇ ಈ ಕೆರೆಯ ಬಂಡೆಯ ಮೇಲೆ. ಒಬ್ಬಳು "ಸಾಧುಗೆ ಸಾಧು" ಅಂತ ಎತ್ತಿಕೊಂಡಳು, ಎಲ್ಲರೂ ಸೇರಿ ತ್ರಿಪದಿಯನ್ನು ಕೂಗಿ ಹೇಳಿದರು. ಬಂಡೆಗಳ ನಡುವೆ ಅದು ಗುಂಯ್ ಅಂದಿತು. ಕನ್ನಡದ ಅಷ್ಟು ಹಳೆಯ ಪದ್ಯ, ಅದೇ ಬಂಡೆಗಳ ನಡುವೆ ಚಡ್ಡಿ, ಲಂಗ ಹಾಕಿದ ಮಕ್ಕಳ ಬಾಯಲ್ಲಿ. ನನ್ನ ಸ್ಥಿತಿ ಬೇರೆ ಇದ್ದಿದ್ದರೆ ಮೈ ಜುಮ್ಮೆನ್ನುತ್ತಿತ್ತು. ಮೈ ಜುಮ್ಮೆಂದಿತು ನಿಜ, ಆದರೆ ಗಾಳಿಗೋ ಪದ್ಯಕ್ಕೋ ಹೇಳಲಾರೆ.

ಆಮೇಲೆ 642ಕ್ಕೆ ಬಂದೆ. ಪಲ್ಲವರ ನರಸಿಂಹವರ್ಮ ಕಂಚಿಯಿಂದ ದಂಡೆತ್ತಿ ಬಂದದ್ದು, ಪುಲಕೇಶಿ ಸೋತದ್ದು, ಊರು ಕೈಬಿಟ್ಟದ್ದು. ವಾತಾಪಿಯನ್ನು ಗೆದ್ದವನು ಅಂತ ಆತ ಬಿರುದನ್ನೂ ಇಟ್ಟುಕೊಂಡ, ಇಲ್ಲೇ ಬಾದಾಮಿಯ ಬಂಡೆಯೊಂದರ ಮೇಲೆ ಶಾಸನವನ್ನೂ ಬರೆಸಿ ಹೋದ. ಪುಲಕೇಶಿಯ ಮಗ ಒಂದನೇ ವಿಕ್ರಮಾದಿತ್ಯ ಊರನ್ನು ಮತ್ತೆ ಹಿಡಿದು ಪಟ್ಟಕ್ಕೆ ಕೂರುವಷ್ಟರಲ್ಲಿ ಹದಿಮೂರು ವರ್ಷ ಹೋಗಿತ್ತು.

ಕೆಳಗಿನ ಮೆಟ್ಟಿಲಿನಲ್ಲಿದ್ದ ಒಬ್ಬ ಸಣ್ಣ ಹುಡುಗ ಕೈ ಎತ್ತಿದ. "ಸರ್‍ರ, ನಮ್ಮವರು ಊರು ವಾಪಸ್ ತಗೊಂಡ್ರಲ್ಲ, ಆವಾಗ ಆ ಬರದಿದ್ದನ್ನ ಯಾಕ ಅಳಸಲಿಲ್ರಿ? ನಾಚಿಕಿ ಬರಲಿಲ್ಲೇನ್ರಿ?"

ಒಳ್ಳೆಯ ಪ್ರಶ್ನೆ. ಅದನ್ನು ನನ್ನನ್ನು ಕೇಳಬಾರದಿತ್ತು, ಆ ಹೊತ್ತಿನಲ್ಲಂತೂ ಅಲ್ಲ. ನಾನು ಬಾಯಿ ತೆರೆದೆ, ಮಾತು ಬರಲಿಲ್ಲ. ಪಕ್ಕದ ಹುಡುಗ ಅವನಿಗೆ ಮೊಣಕೈಯಿಂದ ತಿವಿದು, "ಕಲ್ಲು ಗಟ್ಟಿ ಇತ್ತಪಾ, ಬಿಡು" ಅಂದ. ಎಲ್ಲರೂ ನಕ್ಕರು. ಅಕ್ಕೋರು ಚಪ್ಪಾಳೆ ತಟ್ಟಿಸಿ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಸಾಲು ಮಾಡಿ ಮೇಲೆ ಕಳಿಸಿದರು. ತಾವು ನನ್ನ ಪಕ್ಕದಲ್ಲೇ, ಮಕ್ಕಳಿಗೂ ನನಗೂ ನಡುವೆ ನಿಂತಿದ್ದರು. ಕೊನೆಯವನು ಹೋದ ಮೇಲೆ "ಭಾಳ ಚಲೋ ಹೇಳಿದ್ರಿ" ಅಂತ ಹೇಳಿ ತಾವೂ ಹತ್ತಿದರು. ತಿರುಗಿ ನೋಡಲಿಲ್ಲ.

ಇಳಿಯುವಾಗ ಮಾಸ್ತರ ನನ್ನ ಹಿಂದೆ, ಒಂದು ಮೆಟ್ಟಿಲು ಅಂತರದಲ್ಲಿ, ಗೋಡೆಯಾಗಿ ಬಂದ. ನನಗೆ ನಮ್ಮ ಕಚೇರಿಯ ಒಂದು ದಿನ ನೆನಪಾಯಿತು. ಹೊಸ ಪ್ಯಾಂಟಿಗೆ ಉದ್ದಕ್ಕೆ ಅಂಟಿಸಿರುತ್ತಾರಲ್ಲ, 34 34 34 34 ಅಂತ ಅಳತೆ ಬರೆದ ಪಾರದರ್ಶಕ ಪಟ್ಟಿ, ಅದನ್ನು ತೆಗೆಯದೆ ನಮ್ಮ ಮೇಲಿನವರೊಬ್ಬರು ಬಂದಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಮೀಟಿಂಗು, ಊಟ, ಮತ್ತೆ ಮೀಟಿಂಗು. ಎಲ್ಲರೂ ನೋಡಿದರು. ಎಲ್ಲರ ಮೊಬೈಲಿನಲ್ಲೂ ಆ ವಿಷಯ ಓಡಾಡಿತು. ಅವರಿಗೆ ಮಾತ್ರ ಒಬ್ಬರೂ ಹೇಳಲಿಲ್ಲ. ಹೇಳಿದರೆ ಬೇಜಾರಾಗುತ್ತಾರೆ ಅಂತ. ಮನೆಗೆ ಹೋಗಿ ತಾವೇ ನೋಡಿಕೊಂಡಾಗ ಅವರು ಇಡೀ ದಿನವನ್ನು ಮೊದಲಿನಿಂದ ನೆನೆಸಿಕೊಂಡಿರುತ್ತಾರೆ, ಅಲ್ವಾ? ಯಾರು ಎಲ್ಲಿ ನೋಡಿ ನಕ್ಕಿದ್ದರು ಅಂತ ಒಂದೊಂದನ್ನೂ. ಬೆಂಗಳೂರಿನ ಈ ಮರ್ಯಾದೆ ನನಗೆ ಯಾವತ್ತೂ ಸರಿಯೆನಿಸಿಲ್ಲ.

ಕೆರೆಯ ದಂಡೆಯಲ್ಲಿ ಇದಕ್ಕೆ ತದ್ವಿರುದ್ಧ ಕಾದಿತ್ತು. ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಹೆಂಗಸರು ಸಾಲಾಗಿ ಬಟ್ಟೆ ಒಗೆಯುತ್ತಿದ್ದರು. ನಾವು ಮೇಲಿನ ದಾರಿಯಲ್ಲಿ ಗೋಡೆ ಹಿಡಿದು ಹೋಗುತ್ತಿದ್ದೆವು. ಒಬ್ಬ ಮುದುಕಿ ಒಗೆಯುವುದನ್ನು ನಿಲ್ಲಿಸಿ ಕೂಗಿದಳು.

"ಏ ತಮ್ಮಾ! ಹಿಂದ ಪೂರಾ ಹರದೈತಿ ನೋಡ!"

"ಗೊತ್ತೈತಿ ಯವ್ವಾ."

"ಗೊತ್ತಿದ್ದೂ ಹಂಗ ತಿರಗಾಕತ್ತಿಯಲ್ಲೋ? ಹಸರು ಚಡ್ಡಿ ಕಾಣಾಕತ್ತೈತಿ!"

ಮೆಟ್ಟಿಲಿನಲ್ಲಿದ್ದ ಅಷ್ಟೂ ಜನ ತಲೆ ಎತ್ತಿದರು. ಅಷ್ಟೂ ಜನ ನಕ್ಕರು. ಈ ಸಲ ನನಗೂ ನಗು ಬಂತು. ಗುಡ್ಡದ ಸಂದಿಯಲ್ಲಿ ಹಿಡಿದಿಟ್ಟಿದ್ದೆಲ್ಲ ಅಲ್ಲಿ ಹೊರಬಂತು, ನಾನು ಮಾಸ್ತರನ ಹೆಗಲು ಹಿಡಿದುಕೊಂಡು ನಕ್ಕೆ. ಮುದುಕಿ ನಗುತ್ತಲೇ ಎದ್ದು, ಕಲ್ಲಿನ ಮೇಲೆ ಒಣಗಲು ಹರಡಿದ್ದರಲ್ಲಿ ಒಂದು ಚೌಕಳಿ ಲುಂಗಿ ತಂದು ಕೈಗೆ ಕೊಟ್ಟಳು. ಒಂದು ಮೂಲೆ ಇನ್ನೂ ಹಸಿ ಇತ್ತು. ಮನೆ ಎಲ್ಲಿ, ಯಾವ ಊರು, ಏನೂ ಕೇಳಲಿಲ್ಲ. "ಬಜಾರದಾಗ ಟೇಲರ್ ಅದಾನ. ಸಂಜಿಮುಂದ ಅವನ ಅಂಗಡ್ಯಾಗ ಇಟ್ಟು ಹೋಗು. ಕೆರಿ ಮ್ಯಾಲಿನ ಮುದಕಿದು ಅಂದ್ರ ತಿಳೀತೈತಿ." ಮಾಸ್ತರ ದುಡ್ಡು ಕೊಡಲು ಹೋದ. ಬೈಸಿಕೊಂಡ.

ಟೇಲರ್ ಪ್ಯಾಂಟನ್ನು ತಿರುಗಿಸಿ, ಬೆಳಕಿಗೆ ಹಿಡಿದು, ಹರಿದ ಅಂಚನ್ನು ಬೆರಳಿನಲ್ಲಿ ಸವರಿ ನೋಡಿದ. ಡಾಕ್ಟರು ಎಕ್ಸರೇ ನೋಡುವಾಗ ಮಾಡುವ ಮುಖವನ್ನೇ ಮಾಡಿದ. "ಇದು ಹೊಲಿಗಿ ಬಿಟ್ಟದ್ದಲ್ರಿ. ಅರಬಿನ ಹರದೈತಿ." ಹೊಲಿಗೆ ಬಿಟ್ಟರೆ ಎರಡು ನಿಮಿಷದ ಕೆಲಸವಂತೆ. ಬಟ್ಟೆಯೇ ಸವೆದು ಹರಿದರೆ ಒಳಗಿನಿಂದ ಬೇರೆ ಬಟ್ಟೆ ಕೊಡಬೇಕಂತೆ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರ ಪ್ಯಾಂಟು ಅಲ್ಲೇ ಸವೆಯುತ್ತದೆ ಅಂದ. ನಾನು ಏನು ಕೆಲಸ ಮಾಡುತ್ತೇನೆ ಅಂತ ಅವನಿಗೆ ಹೇಳಿರಲಿಲ್ಲ. ಆಮೇಲೆ ರೆಡಿಮೇಡ್ ಬಗ್ಗೆ ಒಂದು ಭಾಷಣ ಬಂತು. ಹೊಲಿಸಿದ ಪ್ಯಾಂಟಿನಲ್ಲಿ ಹಿಂದಿನ ಹೊಲಿಗೆಯ ಒಳಗೆ ಎರಡು ಬೆರಳು ಅಗಲ ಬಟ್ಟೆ ಬಿಟ್ಟಿರುತ್ತಾರೆ. ಹೊಟ್ಟೆ ಬಂದರೆ ಬಿಚ್ಚಿ ಸಡಿಲ ಮಾಡಬಹುದು. ರೆಡಿಮೇಡಿನಲ್ಲಿ ಅದನ್ನು ಉಳಿತಾಯ ಮಾಡುತ್ತಾರೆ. "ಹೊಟ್ಟಿ ಬೆಳೀತೈತಿ, ಪ್ಯಾಂಟ್ ಬೆಳೆಯಂಗಿಲ್ಲ. ಗುಡ್ಡ ಹತ್ತಿದ್ರ ಮತ್ತೇನಾಗಬೇಕ್ರಿ?" ಮುಂದೆ ಗುಳೇದಗುಡ್ಡದ ಖಣದ ಕುಬಸಗಳ ರಾಶಿ ಇತ್ತು, ಮದುವೆ ಆರ್ಡರು. ಅದು ಮುಗಿದ ಮೇಲೆ ನಿಮ್ಮದು, ಸಂಜೆ ಬನ್ನಿ ಅಂದ.

ಲಾಡ್ಜಿಗೆ ಹೋಗಿ ಚಡ್ಡಿ ಹಾಕಿಕೊಳ್ಳಬಹುದಿತ್ತು. ಆದರೆ ಮಧ್ಯಾಹ್ನ ಬನಶಂಕರಿಗೆ ಹೋಗುವುದು ಅಂತ ಆಗಿತ್ತು. ದೇವಿಯ ಮುಂದೆ ಮೊಣಕಾಲು ತೋರಿಸಿ ನಿಲ್ಲುವುದಕ್ಕಿಂತ ಲುಂಗಿಯೇ ವಾಸಿ. ಟಂಟಂ ಹತ್ತಿದೆವು. ಮೇಲೆ ಇಸ್ತ್ರಿ ಮಾಡಿದ ಉದ್ದ ತೋಳಿನ ಅಂಗಿ, ಕೆಳಗೆ ಚೌಕಳಿ ಲುಂಗಿ, ಕಾಲಲ್ಲಿ ಬೂಟು. ಟಂಟಂನಲ್ಲಿ ಒಬ್ಬರೂ ಎರಡನೇ ಸಲ ನೋಡಲಿಲ್ಲ. ಸ್ವಲ್ಪ ಸರಿಯಿರಿ ಅಂದರು, ಅಷ್ಟೇ.

ಬನಶಂಕರಿಯಲ್ಲಿ ಗುಡಿಯ ಎದುರು ದೊಡ್ಡ ಹೊಂಡ ಇದೆ, ಹರಿದ್ರಾ ತೀರ್ಥ. ಸುತ್ತ ಕಲ್ಲಿನ ಕಂಬಗಳ ಮಂಟಪ. ಬನದ ಹುಣ್ಣಿಮೆಗೆ ಇಲ್ಲಿ ತೇರು, ಜಾತ್ರೆ, ನಾಟಕ ಕಂಪನಿಗಳ ಥೇಟರುಗಳು. ಜಾತ್ರೆ ಇಲ್ಲದ ದಿನವೂ ಒಂದು ಸಂಭ್ರಮ ಮಾತ್ರ ತಪ್ಪುವುದಿಲ್ಲ. ಬುಟ್ಟಿ ಹೊತ್ತ ಹೆಂಗಸರು ಬಂದು ಊಟ ಬಡಿಸುತ್ತಾರೆ. ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಮಡಕಿಕಾಳು, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆಂಪು ಖಾರ, ಗಟ್ಟಿ ಮೊಸರು. ಬೇಡ ಅಂದರೂ ಇನ್ನೊಂದು ರೊಟ್ಟಿ ಬೀಳುತ್ತದೆ. ಲುಂಗಿಯಲ್ಲಿ ನೆಲಕ್ಕೆ ಚಕ್ಕಳಮಕ್ಕಳ ಹಾಕಿ ಕೂತು ಉಣ್ಣುವ ಸುಖ ನಾನು ಮರೆತೇಬಿಟ್ಟಿದ್ದೆ. ಮಾಸ್ತರ ಹೊಟ್ಟೆ ಸವರಿ, ಅಗಸ್ತ್ಯ ಹೇಳಿದ್ದನ್ನೇ ಹೇಳಿದ: "ವಾತಾಪಿ ಜೀರ್ಣೋ ಭವ." ಅವನ ಪ್ಯಾಂಟಿನ ಹುಕ್ಕು ಆಗಲೇ ಬಿಚ್ಚಿತ್ತು.

"ಏ, ಗೈಡ್ ಸರ್ ಲುಂಗ್ಯಾಗ ಬಂದಾರ!"

ಅದೇ ಮಕ್ಕಳು. ಮಂಟಪದ ಆಚೆ ಬದಿಯಲ್ಲಿ ಬುತ್ತಿ ಬಿಚ್ಚಿ ಕೂತಿದ್ದರು. ಬೆಳಿಗ್ಗೆ ಪ್ರಶ್ನೆ ಕೇಳಿದ ಹುಡುಗ ರೊಟ್ಟಿ ಹಿಡಿದುಕೊಂಡೇ ಓಡಿ ಬಂದ. ಅವನ ಹಿಂದೆ ಅಕ್ಕೋರು ಬಂದರು. ಲುಂಗಿ ನೋಡಿದರು, ನನ್ನ ಮುಖ ನೋಡಿದರು. ಬಹಳ ಸಹಜವಾಗಿ, ದನಿ ಮಾತ್ರ ಸ್ವಲ್ಪ ಇಳಿಸಿ ಕೇಳಿದರು.

"ಹೊಲಿಯಾಕ ಕೊಟ್ರೇನ್ರೀ?"

ರೊಟ್ಟಿ ಗಂಟಲಲ್ಲಿ ನಿಂತಿತು. ಅವರಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು. ಕೆಳಗಿನಿಂದ ಹತ್ತಿ ಬರುವಾಗಲೇ ಗಿಳಿಹಸಿರು ಕಂಡಿದೆ. ಎಂಟನೇ ತರಗತಿಯ ಹುಡುಗರಿಗೆ ಅದು ಕಂಡರೆ ಪ್ರವಾಸ ಮುಗಿಯುವವರೆಗೆ ಬೇರೆ ಮಾತು ಇರುವುದಿಲ್ಲ ಅಂತಲೂ ಗೊತ್ತು. ಅದಕ್ಕೇ ಗೈಡ್ ಏನ್ರೀ ಅಂತ ಕೇಳಿದ್ದು. ಹತ್ತಿದವರನ್ನು ವಾಪಸ್ ಕರೆದು ಮುಂದೆ ನಿಲ್ಲಿಸಿದ್ದು. ಹೋಗುವಾಗ ತಾವು ನಡುವೆ ನಿಂತದ್ದು. ನಾನು ಬೆವರು ಸುರಿಸಿ ಮುಚ್ಚಿಟ್ಟೆ ಅಂದುಕೊಂಡಿದ್ದನ್ನು ನಿಜವಾಗಿ ಮುಚ್ಚಿಟ್ಟವರು ಅವರು. ಮಾಸ್ತರ ಈ ಸಲ ನಗಲಿಲ್ಲ. ಎದ್ದು ನಿಂತು ಕೈ ಮುಗಿದ. ಅಕ್ಕೋರು, "ನಿಮ್ಮವರು ಖರೇನ ಚಲೋ ಹೇಳಿದ್ರಿ. ಕಪ್ಪೆ ಅರಭಟ್ಟಂದು ನಾನೂ ಕ್ಲಾಸಿನಾಗ ಹಂಗ ಹೇಳಸಂಗಿಲ್ಲ" ಅಂದರು.

ಆಮೇಲೆ ನನಗೆ ಕೆರೆಯ ಮುದುಕಿ ಒಂದು ಕಡೆ, ಅಕ್ಕೋರು ಇನ್ನೊಂದು ಕಡೆ. ಒಬ್ಬಳು ಊರಿಗೆಲ್ಲ ಕೇಳುವ ಹಾಗೆ ಕೂಗಿದಳು, ಒಬ್ಬರು ಒಂದು ಮಾತೂ ಆಡದೆ ಮುಚ್ಚಿದರು. ನಮ್ಮ ಕಚೇರಿಯವರೂ ಮಾತಾಡಿರಲಿಲ್ಲ. ಆದರೆ ಆ ಮೌನವೂ ಅಕ್ಕೋರ ಮೌನವೂ ಒಂದೇ ಅಂತ ಯಾರಾದರೂ ಅಂದರೆ ನಾನು ಜಗಳಕ್ಕೆ ಬರುತ್ತೇನೆ. ಕಚೇರಿಯಲ್ಲಿ ಯಾರೂ ಎದ್ದು ಬಂದು ನಡುವೆ ನಿಲ್ಲಲಿಲ್ಲ. ಮುದುಕಿ ಲುಂಗಿ ಕೊಡದೆ ಬರೀ ಕೂಗಿದ್ದರೂ ಲೆಕ್ಕ ಬೇರೆಯಾಗುತ್ತಿತ್ತು.

ಹುಡುಗ ಅಲ್ಲೇ ನಿಂತಿದ್ದ. ಅವನ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟೆ. ಮುಂದೆ ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದಾಗ ಆ ಊರನ್ನು ಹಾಳು ಮಾಡಲಿಲ್ಲ. ಕೈಲಾಸನಾಥ ಗುಡಿಯ ಸಂಪತ್ತನ್ನು ದೇವರಿಗೇ ಬಿಟ್ಟು, ಅಲ್ಲಿನ ಕಂಬದ ಮೇಲೆ ಕನ್ನಡದಲ್ಲಿ ಶಾಸನ ಬರೆಸಿ ಬಂದ. ಆ ಗೆಲುವಿನ ನೆನಪಿಗೆ ಅವನ ರಾಣಿಯರು ಪಟ್ಟದಕಲ್ಲಿನಲ್ಲಿ ಎರಡು ಗುಡಿ ಕಟ್ಟಿಸಿದರು, ಇನ್ನೊಂದು ಗಂಟೆಗೆ ನೀನು ನೋಡುತ್ತೀಯ ಅಂದೆ. ಹುಡುಗ ಸ್ವಲ್ಪ ಯೋಚಿಸಿ, "ಅಂದ್ರ ಅವರೂ ಅಳಸಲಿಲ್ಲ, ಇವರೂ ಅಳಸಲಿಲ್ಲ" ಅಂದ. ಲೆಕ್ಕ ಸರಿಹೋಯಿತು ಅನ್ನುವ ಮುಖ ಮಾಡಿ ಹೋದ.

ಸಂಜೆ ಪ್ಯಾಂಟು ತಯಾರಿತ್ತು. ಒಳಗಿನಿಂದ ದಪ್ಪ ಬಟ್ಟೆ ಕೊಟ್ಟು, ಒತ್ತಾಗಿ ಹೊಲಿಗೆ ಹಾಕಿದ್ದ. ಲುಂಗಿಯನ್ನು ಮಡಿಸಿ ಅವನ ಅಂಗಡಿಯಲ್ಲಿ ಇಟ್ಟೆವು. ಮಾಸ್ತರ ಅದರೊಳಗೆ ಒಂದು ಕಟ್ಟು ಬಾಳೆಹಣ್ಣು ಸುತ್ತಿಡಲು ನೋಡಿದ. ರಾತ್ರಿಯೊಳಗೆ ಮಂಗ ಲುಂಗಿ ಸಮೇತ ಒಯ್ಯುತ್ತದೆ ಅಂತ ಟೇಲರ್ ಬೈದ. ಹಣ್ಣನ್ನು ಗಲ್ಲೆಯ ಕೆಳಗೆ ಇಡಿಸಿಕೊಂಡ. "ಈಗ ಬೇಕಾದ ಗುಡ್ಡಾ ಹತ್ತರಿ, ಏನೂ ಆಗಂಗಿಲ್ಲ" ಅಂತ ಗ್ಯಾರಂಟಿಯನ್ನೂ ಕೊಟ್ಟ.

ಭಾನುವಾರ ಬೆಳಿಗ್ಗೆ ಮತ್ತೆ ಉತ್ತರದ ಕೋಟೆಗೆ ಹೋದೆವು. ಮೇಲಿನ ಶಿವಾಲಯ ನೋಡುವುದು ಬಾಕಿ ಇತ್ತು. ಹೆಗಲ ಮೇಲೆ ಟವೆಲು ಇತ್ತು, ಮಂಗಗಳು ಏನಾದರೂ ಮಾಡಿಕೊಳ್ಳಲಿ. ಸಂದಿಯಲ್ಲಿ ಆ ಮೆಟ್ಟಿಲಿಗೆ ಬಂದಾಗ ಇಬ್ಬರೂ ನಿಂತೆವು. ನಾನು ಕಾಲೆತ್ತಿ ಇಟ್ಟೆ, ಹತ್ತಿದೆ. ಸದ್ದಿಲ್ಲ. ಮೇಲೆ ನಿಂತು ತಿರುಗಿ ನೋಡಿದರೆ ಮಾಸ್ತರ ಕಾಲೆತ್ತಿದವನು ಹಾಗೇ ಕೆಳಗಿಳಿಸಿದ್ದ. ಹೊಟ್ಟೆ ಸವರಿಕೊಂಡ. ಹಿಂದೆ ಕೈ ಹಾಕಿ ಹೊಲಿಗೆ ಮುಟ್ಟಿ ನೋಡಿಕೊಂಡ. ಆಮೇಲೆ ಮೆಟ್ಟಿಲಿನ ಮೇಲೆ ಕೂತು, ಪಕ್ಕಕ್ಕೆ ಹೊರಳಿ, ಮೊದಲು ಒಂದು ಕಾಲು ಮೇಲೆ ತಂದು, ಆಮೇಲೆ ಇನ್ನೊಂದನ್ನು ಎಳೆದುಕೊಂಡ.

ಅವನದೂ ರೆಡಿಮೇಡ್.